ಮದ್ದನ್ನು ಹೊರದಬ್ಬುವ ಪಂಪು

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಕಡೆಯವರಿಗೆ ಕಾಯಿಲೆ ಬಿಗಡಾಯಿಸಿದರೆ ಹಿಡಿಯುವ ದಾರಿ ಗೊತ್ತಿರುವುದೇ. ಮೊದಲು ಊರಲ್ಲೋ ಹತ್ತಿರದ ಪೇಟೆಯಲ್ಲೋ ಒಂದು ಸೂಜಿ, ನಾಲ್ಕು ಮಾತ್ರೆ. ವಾಸಿಯಾಗದಿದ್ದರೆ ತಾಲ್ಲೂಕು ಆಸ್ಪತ್ರೆ. ಅಲ್ಲಿಂದ ಬಳ್ಳಾರಿಗೋ ಚಿತ್ರದುರ್ಗಕ್ಕೋ ‘ರೆಫರ್’. ಅಲ್ಲೂ ಆಗದಿದ್ದರೆ ದಾವಣಗೆರೆ, ಬೆಂಗಳೂರು. ಮೆಟ್ಟಿಲು ಏರಿದಂತೆಲ್ಲ ಹಿಂದಿನದಕ್ಕಿಂತ ‘ಪವರ್ ಜಾಸ್ತಿ’ ಇರುವ ಆ್ಯಂಟಿಬಯಾಟಿಕ್. ಕೊನೆಗೆ ಐಸಿಯು ಬಾಗಿಲಲ್ಲಿ ಕೂತವರ ಕೈಗೆ ಕಲ್ಚರ್ ರಿಪೋರ್ಟ್ ಎಂಬ ಹಾಳೆಯೊಂದು ಬರುತ್ತದೆ. ಎಡಕ್ಕೆ ಹದಿನೈದಿಪ್ಪತ್ತು ಔಷಧಗಳ ಹೆಸರು, ಬಲಕ್ಕೆ ಒಂದೊಂದೇ ಅಕ್ಷರ. ‘ಎಸ್’ ಎಂದರೆ ರೋಗಾಣು ಈ ಔಷಧಕ್ಕೆ ಬಗ್ಗುತ್ತದೆ, ‘ಆರ್’ ಎಂದರೆ ಬಗ್ಗುವುದಿಲ್ಲ. ಮೇಲಿಂದ ಕೆಳತನಕ ಆರ್ ಎಂದೇ ಇರುವ ಹಾಳೆಗಳು ಈಗ ಅಪರೂಪವೇನಲ್ಲ.

ಅಂಥ ಹಾಳೆಗಳಲ್ಲಿ ಪದೇ ಪದೇ ಕಾಣುವ ಹೆಸರುಗಳು ನಾಲ್ಕು: ಇ. ಕೋಲಿ, ಕ್ಲೆಬ್ಸಿಯೆಲ್ಲಾ, ಸ್ಯೂಡೊಮೊನಾಸ್, ಅಸಿನೆಟೊಬ್ಯಾಕ್ಟರ್. ವೆಂಟಿಲೇಟರ್ ಕೊಳವೆ, ಮೂತ್ರದ ಕ್ಯಾತಿಟರ್, ಡ್ರಿಪ್ ಸೂಜಿ, ಆಪರೇಷನ್ ಗಾಯ, ಇವೇ ಅವುಗಳಿಗೆ ದಾರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2013ರಿಂದ ದೇಶದ ಆಸ್ಪತ್ರೆಗಳ ಜಾಲವೊಂದನ್ನು ಕಟ್ಟಿಕೊಂಡು ಇವುಗಳ ಲೆಕ್ಕ ಇಡುತ್ತಿದೆ. ಐಸಿಯುಗಳ ಕೊನೆಯ ಆಸರೆಗಳಲ್ಲಿ ಒಂದೆನಿಸಿದ ಕಾರ್ಬಪೆನೆಮ್ ಗುಂಪಿನ ಔಷಧಗಳಿಗೆ ಬಗ್ಗದ ಅಸಿನೆಟೊಬ್ಯಾಕ್ಟರ್‌ಗಳ ಪಾಲು 2021ರ ವರದಿಯಲ್ಲಿ ಶೇ 87ನ್ನು ದಾಟಿತ್ತು. ಜಗತ್ತಿನ ಮಟ್ಟದಲ್ಲಿ 2019ರ ಒಂದೇ ವರ್ಷ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ನೇರವಾಗಿ ತೆಗೆದುಕೊಂಡ ಜೀವಗಳು ಸುಮಾರು 12.7 ಲಕ್ಷ ಎಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಂದಾಜು ಹೇಳುತ್ತದೆ.

ಆರ್ ಎಂಬ ಆ ಒಂದಕ್ಷರದ ಹಿಂದೆ ಏನು ನಡೆದಿದೆ ಎಂಬುದನ್ನು ಹಾಳೆ ಹೇಳುವುದಿಲ್ಲ. ಬ್ಯಾಕ್ಟೀರಿಯಾ ಔಷಧದಿಂದ ಪಾರಾಗುವ ದಾರಿಗಳು ಮುಖ್ಯವಾಗಿ ನಾಲ್ಕು. ಔಷಧದ ಅಣುವನ್ನು ಕಿಣ್ವದಿಂದ ಮುರಿದು ಹಾಕುವುದು ಒಂದು. ಔಷಧ ಹೋಗಿ ಅಂಟಿಕೊಳ್ಳಬೇಕಾದ ಜಾಗದ ಆಕಾರವನ್ನೇ ಬದಲಿಸಿಕೊಳ್ಳುವುದು ಇನ್ನೊಂದು. ಒಳಬರುವ ರಂಧ್ರಗಳನ್ನು ಕಡಿಮೆ ಮಾಡಿಕೊಳ್ಳುವುದು ಮೂರನೆಯದು. ಒಳಗೆ ಬಂದ ಔಷಧವನ್ನು ಬಂದ ಹಾಗೇ ಎತ್ತಿ ಹೊರಗೆ ಹಾಕುವುದು ನಾಲ್ಕನೆಯದು. ಮೊದಲನೆಯದು ಎಲ್ಲರಿಗೂ ಗೊತ್ತು. ‘ನವದೆಹಲಿ’ಯ ಹೆಸರು ಹೊತ್ತು 2010ರಲ್ಲಿ ದೊಡ್ಡ ವಿವಾದವೆಬ್ಬಿಸಿದ ಎನ್‌ಡಿಎಂ-1 ಅಂಥ ಕಿಣ್ವವೇ. ನಾಲ್ಕನೆಯದರ ಹೆಸರು ಎಫ್ಲಕ್ಸ್ ಪಂಪ್. ಸುದ್ದಿಯಾಗುವುದು ಕಡಿಮೆ. ಉಳಿದ ಮೂರರಷ್ಟು ಜೋರೂ ಅದಕ್ಕಿಲ್ಲ. ಆದರೆ ಉಳಿದವು ತಯಾರಾಗುವ ತನಕ ರೋಗಾಣುವನ್ನು ಬದುಕಿಸಿಡುವುದು ಬಹಳ ಸಲ ಇದೇ. ನಮ್ಮ ಅರೆಬರೆ ಔಷಧೋಪಚಾರ ನೀರೆರೆದು ಬೆಳೆಸುತ್ತಿರುವುದೂ ಇದನ್ನೇ.

ಇದು ಪತ್ತೆಯಾದ ಬಗೆ ಸ್ವಾರಸ್ಯಕರ. ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಔಷಧ ಆರಿಯೋಮೈಸಿನ್ 1948ರಲ್ಲಿ ಬಂತು. ಅದು ಹೊರಬಂದ ಅಮೆರಿಕದ ಲೆಡರ್ಲೆ ಪ್ರಯೋಗಾಲಯದ ಸಂಶೋಧನೆಯ ಮುಖ್ಯಸ್ಥರು ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಆ ಗುಂಪಿನ ಔಷಧಗಳಿಗೆ ಬಗ್ಗದ ಇ. ಕೋಲಿ ಎಲ್ಲೆಲ್ಲೂ ಕಾಣತೊಡಗಿತು. ಅದು ಔಷಧವನ್ನು ಒಡೆಯುತ್ತಿರಲಿಲ್ಲ. ಆದರೂ ಕೋಶದೊಳಗೆ ಔಷಧ ಸೇರುತ್ತಿರಲಿಲ್ಲ. ಬಾಗಿಲೇ ಮುಚ್ಚಿದೆಯೋ, ಬಂದದ್ದು ಹೊರಗೆ ಹೋಗುತ್ತಿದೆಯೋ? ಬಾಸ್ಟನ್ನಿನ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಲಾರಾ ಮೆಕ್‌ಮರ್ರಿ, ಸ್ಟುವರ್ಟ್ ಲೆವಿ ಮತ್ತು ಸಂಗಡಿಗರು ಬ್ಯಾಕ್ಟೀರಿಯಾದ ಪೊರೆಯನ್ನು ಒಡೆದು, ಒಳಮೈ ಹೊರಗೆ ಬರುವಂತೆ ಮಗುಚಿದ ಪುಟ್ಟ ಗುಳ್ಳೆಗಳನ್ನು ಮಾಡಿದರು. ಹೊರಹಾಕುವ ಯಂತ್ರವೊಂದು ಪೊರೆಯಲ್ಲಿದ್ದರೆ, ಮಗುಚಿದ ಗುಳ್ಳೆಯಲ್ಲಿ ಅದು ಔಷಧವನ್ನು ಒಳಕ್ಕೆ ಎಳೆದುಕೊಳ್ಳಬೇಕು. ಹಾಗೆಯೇ ಆಯಿತು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾದ ಗುಳ್ಳೆಗಳು ಟೆಟ್ರಾಸೈಕ್ಲಿನ್ ಅನ್ನು ಒಳಗೆ ತುಂಬಿಸಿಕೊಂಡವು. 1980ರಲ್ಲಿ ಈ ಫಲಿತಾಂಶ ಅಚ್ಚಾದಾಗ ಪಂಪು ಇದೆ ಎಂಬುದಕ್ಕೆ ಸಾಕ್ಷಿ ಸಿಕ್ಕಿತು.

ಟೆಟ್ರಾಸೈಕ್ಲಿನ್ ಪಂಪು ಬಹುಮಟ್ಟಿಗೆ ಆ ಒಂದು ಗುಂಪಿನ ಔಷಧವನ್ನಷ್ಟೇ ಹೊರಹಾಕುತ್ತಿತ್ತು. ನಿಜವಾದ ತಲೆನೋವು ಶುರುವಾದದ್ದು 1990ರ ದಶಕದಲ್ಲಿ. ಒಂದಕ್ಕೊಂದು ಸಂಬಂಧವೇ ಇಲ್ಲದ ಹತ್ತಾರು ಬಗೆಯ ಅಣುಗಳನ್ನು ಒಂದೇ ಪಂಪು ಹೊರದಬ್ಬಬಲ್ಲದು ಎಂಬುದು ಆಗ ತಿಳಿಯಿತು. ಇ. ಕೋಲಿಯಲ್ಲಿ ಅದರ ಹೆಸರು ಎಸಿಆರ್-ಎಬಿ-ಟೋಲ್‌ಸಿ. ಸ್ಯೂಡೊಮೊನಾಸ್‌ನಲ್ಲಿ ಇದೇ ಕುಟುಂಬದ ಪಂಪುಗಳು ಒಂದಲ್ಲ, ಹನ್ನೆರಡು.

ಇ. ಕೋಲಿಯಂಥ ಬ್ಯಾಕ್ಟೀರಿಯಾಕ್ಕೆ ಮೈಮೇಲೆ ಎರಡು ಪೊರೆ. ಹೊರಪೊರೆಯಲ್ಲಿ ಪೋರಿನ್ ಎಂಬ ಸಣ್ಣ ರಂಧ್ರಗಳಿವೆ; ಔಷಧ ಅಲ್ಲಿಂದ ನುಸುಳಿ ಒಳಗೆ ಬರುತ್ತದೆ. ಎಸಿಆರ್-ಎಬಿ-ಟೋಲ್‌ಸಿ ಪಂಪು ಒಳಪೊರೆಯಿಂದ ಹೊರಪೊರೆಯವರೆಗೆ ಎರಡನ್ನೂ ಸೀಳಿಕೊಂಡು ನಿಂತ ಉದ್ದನೆಯ ಕೊಳವೆ. ಬುಡದಲ್ಲಿ ಎಸಿಆರ್-ಬಿ ಪ್ರೋಟೀನಿನ ಮೂರು ತುಂಡು, ನಡುವೆ ಎಸಿಆರ್-ಎ ತುಂಡು ಆರು, ಹೊರಬಾಯಿಯಲ್ಲಿ ಟೋಲ್‌ಸಿಯ ಮೂರು. ಎಸಿಆರ್-ಬಿ ರಚನೆಯನ್ನು ಜಪಾನಿನ ಸತೋಶಿ ಮುರಕಾಮಿ, ಅಕಿಹಿತೊ ಯಮಗುಚಿ ಮತ್ತು ಜೊತೆಗಾರರು 2002ರಲ್ಲಿ ಬಿಡಿಸಿಟ್ಟರು. ಅದರ ಮೂರು ತುಂಡುಗಳು ಸರದಿಯ ಮೇಲೆ ಕೆಲಸ ಮಾಡುತ್ತವೆ ಎಂಬುದು 2006ರಲ್ಲಿ ಗೊತ್ತಾಯಿತು. ಒಂದು ತುಂಡು ಬಾಯ್ತೆರೆದು ಔಷಧವನ್ನು ಬಿಟ್ಟುಕೊಳ್ಳುತ್ತದೆ. ಎರಡನೆಯದು ಒಳಗಿನ ಜೇಬಿನಲ್ಲಿ ಅದನ್ನು ಬಿಗಿಹಿಡಿಯುತ್ತದೆ. ಮೂರನೆಯದು ಕೊಳವೆಯತ್ತ ದೂಡುತ್ತದೆ. ಮರುಕ್ಷಣ ಮೂರರ ಪಾತ್ರವೂ ಬದಲು. ಇದಕ್ಕೆ ಬೇಕಾದ ಶಕ್ತಿ ಹೊರಗಿನಿಂದ ಒಳಗೆ ಹರಿಯುವ ಪ್ರೋಟಾನ್‌ಗಳದು. ಔಷಧವನ್ನು ಹಿಡಿಯುವ ಆ ಜೇಬು ವಿಶಾಲವಾಗಿದೆ, ನೀರಿಗೆ ಒಗ್ಗದ ಜಿಡ್ಡು ಸ್ವಭಾವದ ಗೋಡೆ ಅದಕ್ಕಿದೆ. ಹೀಗಾಗಿ ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್, ಸಿಪ್ರೊಫ್ಲಾಕ್ಸಾಸಿನ್, ಎರಿತ್ರೊಮೈಸಿನ್ ಎಂಬ ಭೇದವಿಲ್ಲದೆ ಎಲ್ಲಕ್ಕೂ ಅಲ್ಲಿ ಜಾಗ.

ಬಾವಿ ತೋಡುವವರಿಗೆ ಇದರ ಲೆಕ್ಕ ಬೇಗ ಅರ್ಥವಾಗುತ್ತದೆ. ಜಲ ಸಿಕ್ಕ ಮೇಲೂ ಇನ್ನಷ್ಟು ಆಳ ತೋಡಬೇಕೆಂದರೆ ಒಸರುವ ನೀರನ್ನು ಮೋಟರ್ ಹಾಕಿ ಎತ್ತುತ್ತಲೇ ಇರಬೇಕು. ಒಸರು ಸಣ್ಣದಿದ್ದರೆ ಚಿಕ್ಕ ಮೋಟರೂ ಸಾಕು, ತಳದಲ್ಲಿ ನೀರು ನಿಲ್ಲುವುದಿಲ್ಲ. ಒಸರು ಜೋರಾದರೆ ಮೋಟರ್ ಸೋಲುತ್ತದೆ, ನೀರು ಏರುತ್ತದೆ. ಬ್ಯಾಕ್ಟೀರಿಯಾದೊಳಗೆ ಔಷಧದ ಮಟ್ಟವೂ ಹೀಗೆಯೇ. ಬರುವುದೆಷ್ಟು, ಹೋಗುವುದೆಷ್ಟು ಎಂಬುದರ ಮೇಲೆ ಸಾವು ಬದುಕು ತೀರ್ಮಾನವಾಗುತ್ತದೆ. ಅದಕ್ಕೇ ಆಸ್ಪತ್ರೆಯ ಹಟಮಾರಿ ರೋಗಾಣುಗಳಲ್ಲಿ ಎರಡು ಬದಲಾವಣೆಗಳು ಜೊತೆಜೊತೆಗೆ ಕಾಣುತ್ತವೆ: ಪೋರಿನ್ ರಂಧ್ರಗಳು ಕಡಿಮೆಯಾಗಿರುತ್ತವೆ, ಪಂಪುಗಳು ಹೆಚ್ಚಿರುತ್ತವೆ. ಒಂದೊಂದೇ ಆದರೆ ಲಾಭ ಅಷ್ಟಕ್ಕಷ್ಟೆ, ಎರಡೂ ಸೇರಿದರೆ ಔಷಧ ಒಳಗೆ ನಿಲ್ಲುವುದೇ ಇಲ್ಲ.

ಈ ಪಂಪು ನಮ್ಮ ಔಷಧಗಳಿಗಾಗಿ ಹುಟ್ಟಿದ್ದಲ್ಲ. ಇ. ಕೋಲಿ ನಮ್ಮ ಕರುಳಿನ ವಾಸಿ. ಅಲ್ಲಿ ಪಿತ್ತರಸ ಸುರಿಯುತ್ತಿರುತ್ತದೆ, ಅದರಲ್ಲಿರುವ ಲವಣಗಳು ಸಾಬೂನಿನ ಹಾಗೆ ಪೊರೆಯನ್ನು ಕರಗಿಸಬಲ್ಲವು. ಅವನ್ನು ಹೊರಹಾಕಿ ಬದುಕಲು ಪಂಪು ಬೇಕು. ಮಣ್ಣಿನಲ್ಲಿ, ಗಿಡದ ಬೇರಿನಲ್ಲಿ ಬದುಕುವ ಬ್ಯಾಕ್ಟೀರಿಯಾಗಳಿಗೆ ನೆರೆಯ ಶಿಲೀಂಧ್ರ, ಸಸ್ಯಗಳು ಸುರಿಸುವ ವಿಷದಿಂದ ಪಾರಾಗಲು ಬೇಕು. ಅಂದರೆ ಔಷಧಕ್ಕೆ ಸಲೀಸಾಗಿ ಬಗ್ಗುವ ಸಾಧು ಬ್ಯಾಕ್ಟೀರಿಯಾದಲ್ಲೂ ಪಂಪು ಇದ್ದೇ ಇದೆ. ಕೆಲವೇ ಇವೆ, ಅಷ್ಟೆ. ಎಷ್ಟು ಪಂಪು ತಯಾರಾಗಬೇಕೆಂದು ನಿಗಾ ಇಡುವ ವಂಶವಾಹಿಗಳು ಬೇರೆ ಇವೆ. ಸ್ಯೂಡೊಮೊನಾಸ್‌ನಲ್ಲಿ ಮೆಕ್ಸ್-ಆರ್ ಎಂಬುದು ಅಂಥ ಕಾವಲುಗಾರ. ಒಂದು ಸಣ್ಣ ರೂಪಾಂತರದಿಂದ ಅದು ಕೆಟ್ಟರೆ ಪಂಪುಗಳ ತಯಾರಿಕೆಗೆ ಕಡಿವಾಣವೇ ಇರುವುದಿಲ್ಲ. ಅಸಿನೆಟೊಬ್ಯಾಕ್ಟರ್‌ನಲ್ಲಿ 2001ರಲ್ಲಿ ಗುರುತಿಸಲಾದ ಎಡಿಇ-ಎಬಿಸಿ ಪಂಪಿನ ಕಥೆಯೂ ಇದೇ. ಹೊಸ ಆಯುಧವನ್ನು ಸಂಪಾದಿಸುವ ತಾಪತ್ರಯ ಇಲ್ಲಿಲ್ಲ. ಮನೆಯಲ್ಲೇ ಇದ್ದದ್ದರ ಬಳಕೆ ಹೆಚ್ಚಾದರೆ ಸಾಕು.

ಹಾಗೆಂದು ಪಂಪು ಹೆಚ್ಚಿದ ಮಾತ್ರಕ್ಕೆ ಯಾವ ಔಷಧವೂ ನಾಟದು ಎಂದಲ್ಲ. ಪಂಪಿನಿಂದ ಸಿಗುವ ಲಾಭ ಸಾಮಾನ್ಯವಾಗಿ ಎರಡರಿಂದ ಎಂಟು ಪಟ್ಟು. ಮೊದಲು ಒಂದು ಪಾಲು ಔಷಧಕ್ಕೆ ಸಾಯುತ್ತಿದ್ದದ್ದು ಈಗ ನಾಲ್ಕು ಪಾಲು ಕೇಳುತ್ತದೆ. ಸರಿಯಾದ ಔಷಧವನ್ನು ಸರಿಯಾದ ಡೋಸಿನಲ್ಲಿ, ಹೊತ್ತಿಗೆ ಸರಿಯಾಗಿ ಕೊಟ್ಟರೆ ಇಂಥವನ್ನು ಎಷ್ಟೋ ಸಲ ಗೆಲ್ಲಬಹುದು. ಅಪಾಯ ಇರುವುದು ಡೋಸ್ ಅರೆಬರೆಯಾದಾಗ. ಅರ್ಧ ಡೋಸಿಗೆ ಪಂಪು ಕಡಿಮೆ ಇರುವ ಬ್ಯಾಕ್ಟೀರಿಯಾ ಸಾಯುತ್ತವೆ, ಪಂಪು ಹೆಚ್ಚಿರುವವು ಉಳಿಯುತ್ತವೆ. ಉಳಿದವೇ ಮರಿ ಹಾಕುತ್ತವೆ.

ಹಾಗೆ ಬದುಕುಳಿದ ಸಮಯದಲ್ಲಿ ಏನಾಗುತ್ತದೆ ಎಂಬುದನ್ನು ಎರಡು ಅಧ್ಯಯನಗಳು ಚೆನ್ನಾಗಿ ತೋರಿಸಿಕೊಟ್ಟಿವೆ. ಎರಡೂ ‘ಸೈನ್ಸ್’ ಪತ್ರಿಕೆಯಲ್ಲಿ ಬಂದವು. 2018ರ ಅಧ್ಯಯನ ಹೇಳಿದ್ದು: ಒಂದೇ ವಂಶದ ಇ. ಕೋಲಿ ಕೋಶಗಳಲ್ಲೂ ಕೆಲವಕ್ಕೆ ಪಂಪು ಹೆಚ್ಚು, ಕೆಲವಕ್ಕೆ ಕಡಿಮೆ; ಪಂಪು ಹೆಚ್ಚಿರುವ ಕೋಶಗಳಲ್ಲಿ ಡಿಎನ್‌ಎ ತಪ್ಪುಗಳನ್ನು ತಿದ್ದುವ ವ್ಯವಸ್ಥೆ ಸಡಿಲವಾಗಿರುತ್ತದೆ, ಹೀಗಾಗಿ ರೂಪಾಂತರಗಳು ಹೆಚ್ಚು. ಅಂದರೆ ಶಾಶ್ವತ ಪ್ರತಿರೋಧ ಹುಟ್ಟುವ ಸಾಧ್ಯತೆ ಹೆಚ್ಚಾಗಿರುವುದೇ ಪಂಪಿನ ಆಸರೆಯಲ್ಲಿ ಬದುಕುಳಿದ ಕೋಶಗಳಲ್ಲಿ. 2019ರ ಫ್ರೆಂಚ್ ಅಧ್ಯಯನ ಇನ್ನೊಂದು ಮುಖ ತೋರಿಸಿತು. ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಪ್ರತಿರೋಧದ ವಂಶವಾಹಿ ಹೊತ್ತ, ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರ ದಾಟಿ ಹೋಗುತ್ತದೆ, ಇದು ಹಳೆಯ ವಿಷಯ. ಆದರೆ ಸುತ್ತಲೂ ಟೆಟ್ರಾಸೈಕ್ಲಿನ್ ತುಂಬಿರುವಾಗ, ಪ್ರೋಟೀನ್ ತಯಾರಿಕೆಯೇ ನಿಂತಿರುವಾಗ, ಹೊಸದಾಗಿ ಬಂದ ವಂಶವಾಹಿ ಕೆಲಸ ಶುರು ಮಾಡುವುದಾದರೂ ಹೇಗೆ? ಎಸಿಆರ್-ಎಬಿ-ಟೋಲ್‌ಸಿ ಪಂಪು ಔಷಧವನ್ನು ಸ್ವಲ್ಪ ಸ್ವಲ್ಪ ಹೊರಹಾಕುತ್ತಾ ಅಷ್ಟು ಹೊತ್ತು ಕೋಶವನ್ನು ಕಾಪಾಡುತ್ತದೆ. ಆ ಪಂಪನ್ನು ತೆಗೆದುಹಾಕಿದ ಕೋಶಗಳಿಗೆ ಪ್ಲಾಸ್ಮಿಡ್ ಬಂದರೂ ಅದು ಉಪಯೋಗಕ್ಕೆ ಬರಲಿಲ್ಲ. ಪಂಪು ಕೊಡುವುದು ಕಾಲಾವಕಾಶ. ರೋಗಾಣುವಿಗೆ ಬೇಕಾಗಿರುವುದೂ ಅದೇ.

ಔಷಧ ತಯಾರಕರು ಸುಮ್ಮನೆ ಕೂತಿರಲಿಲ್ಲ. ಟೆಟ್ರಾಸೈಕ್ಲಿನ್ ಪಂಪು ಹಿಡಿಯಲಾಗದಂತೆ ಅದೇ ಅಣುವಿಗೆ ದೊಡ್ಡದೊಂದು ಕೊಂಬು ಅಂಟಿಸಿ ಟೈಗೆಸೈಕ್ಲಿನ್ ಎಂಬ ಔಷಧ ಮಾಡಿದರು. 2005ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎಂಬಂತೆ, ಹಳೆಯ ಪಂಪಿಗೆ ಸಿಗದ ಅದನ್ನು ಅಸಿನೆಟೊಬ್ಯಾಕ್ಟರ್‌ನ ಎಡಿಇ-ಎಬಿಸಿ ಹೊರದಬ್ಬಿತು, ಕ್ಲೆಬ್ಸಿಯೆಲ್ಲಾದ ಎಸಿಆರ್-ಎಬಿ ಹೊರದಬ್ಬಿತು. 2020ರಲ್ಲಿ ಚೀನಾದ ವಿಜ್ಞಾನಿಗಳು ಇನ್ನೂ ಕೆಟ್ಟ ಸುದ್ದಿ ಕೊಟ್ಟರು. ಟೈಗೆಸೈಕ್ಲಿನ್ ಸೇರಿ ಹಲವು ಔಷಧಗಳನ್ನು ಹೊರಹಾಕುವ ಇಡೀ ಪಂಪಿನ ವಂಶವಾಹಿಗಳು ಪ್ಲಾಸ್ಮಿಡ್ ಏರಿ ಕುಳಿತಿದ್ದವು. ಸಿಕ್ಕಿದ್ದು ಕೋಳಿಯಿಂದ ತೆಗೆದ ಕ್ಲೆಬ್ಸಿಯೆಲ್ಲಾದಲ್ಲಿ. ಮನೆಯ ಪಂಪು ಈಗ ಊರೂರು ಸುತ್ತುವ ಪಂಪಾಯಿತು.

ಕೋಳಿಯ ಮಾತು ಬಂದಾಗ ಚಳ್ಳಕೆರೆ-ಮೊಳಕಾಲ್ಮೂರು ಸೀಮೆಯವರು ಕುರಿಯನ್ನೂ ನೆನೆಯಬೇಕು. ಇದು ಕುರಿಹಟ್ಟಿಗಳ, ಕಂಬಳಿಯ ನಾಡು. ಕುರಿ ಕೆಮ್ಮಿದರೂ ಉಚ್ಚಿಕೊಂಡರೂ ಕೊಡುವ ಸೂಜಿಗಳಲ್ಲಿ ಆಕ್ಸಿಟೆಟ್ರಾಸೈಕ್ಲಿನ್ ಬಹಳ ಪರಿಚಿತ. ಅದೂ ಇದೇ ಟೆಟ್ರಾಸೈಕ್ಲಿನ್ ಗುಂಪಿನದೇ. ಪಶುವೈದ್ಯರು ನೋಡಿ ತೂಕಕ್ಕೆ ತಕ್ಕಂತೆ ಕೊಟ್ಟರೆ ತಪ್ಪೇನಿಲ್ಲ. ಅಂದಾಜಿನಲ್ಲಿ ಕೊಟ್ಟು, ಒಂದು ಬಾಟಲಿಯನ್ನು ಇಡೀ ಮಂದೆಗೆ ಹಂಚಿದರೆ ಅದೇ ಅರ್ಧ ಡೋಸಿನ ಕಥೆ ಕುರಿಯ ಕರುಳಿನಲ್ಲಿ ನಡೆಯುತ್ತದೆ. ಮನುಷ್ಯರ, ಪಶುಗಳ ಚಿಕಿತ್ಸೆಯನ್ನು ಒಟ್ಟಿಗೆ ನೋಡುವುದು ಹೊಸದೇನಲ್ಲ. ಸಿದ್ದಾಪುರದಲ್ಲಿ ಅಶೋಕನ ಶಾಸನವಿದೆ. ಪಕ್ಕದ ಬ್ರಹ್ಮಗಿರಿ, ಜಟಿಂಗ ರಾಮೇಶ್ವರಗಳ ಶಾಸನಗಳ ಜೊತೆಗೆ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದದ್ದು. ಜೀವಿಗಳಲ್ಲಿ ದಯೆ ಇರಲಿ ಎಂದು ಇಲ್ಲಿಯ ಬಂಡೆ ಹೇಳುತ್ತದೆ. ಗಿರಿನಾರ್‌ನ ಬಂಡೆಯ ಮೇಲಿರುವ ಅವನ ಇನ್ನೊಂದು ಶಾಸನ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದನ್ನು ಒಟ್ಟಿಗೇ ದಾಖಲಿಸುತ್ತದೆ. ಎರಡೂ ಚಿಕಿತ್ಸೆಗಳನ್ನು ಬೇರೆ ಬೇರೆ ಇಲಾಖೆಗಳ ಕಡತವಾಗಿ ನೋಡುವ ನಾವು ಅದನ್ನು ಈಗ ಮತ್ತೆ ಕಲಿಯುತ್ತಿದ್ದೇವೆ. ಐಸಿಯುಗಳ ಕೊನೆಯ ಔಷಧ ಕೊಲಿಸ್ಟಿನ್ ಅನ್ನು ಕೋಳಿ, ದನಗಳ ಸಾಕಣೆಯಲ್ಲಿ ಬಳಸಬಾರದೆಂದು ಕೇಂದ್ರ ಸರ್ಕಾರ ಆದೇಶಿಸಿದ್ದು 2019ರ ಜುಲೈನಲ್ಲಿ.

ಇನ್ನು ಆಸ್ಪತ್ರೆಯ ಒಳಗಿನ ವಿಷಯ. ಪಂಪು ಆ್ಯಂಟಿಬಯಾಟಿಕ್‌ಗಳನ್ನಷ್ಟೇ ಅಲ್ಲ, ಸೋಂಕುನಾಶಕಗಳನ್ನೂ ಹೊರಹಾಕುತ್ತದೆ. ಗಾಯದ ಕೀವಿಗೆ, ಆಪರೇಷನ್ ನಂತರದ ಸೋಂಕಿಗೆ ಕುಖ್ಯಾತವಾದ ಸ್ಟ್ಯಾಫಿಲೊಕಾಕಸ್ ಆರಿಯಸ್‌ನಲ್ಲಿ ಕ್ಯೂಎಸಿ-ಎ ಎಂಬ ಪಂಪು ಇದೆ. ಚರ್ಮ ಒರೆಸಲು ಬಳಸುವ ಕ್ಲೋರ್‌ಹೆಕ್ಸಿಡಿನ್, ನೆಲ ಮತ್ತು ಉಪಕರಣಗಳಿಗೆ ಬಳಸುವ ಬೆಂಜಾಲ್ಕೋನಿಯಂ ಎರಡನ್ನೂ ಅದು ಹೊರದಬ್ಬಬಲ್ಲದು. ಇದರ ವಂಶವಾಹಿಯೂ ಪ್ಲಾಸ್ಮಿಡ್ ಮೇಲೇ ಇರುವುದು. ಕ್ಲೆಬ್ಸಿಯೆಲ್ಲಾದ್ದು ಇನ್ನೂ ವಿಚಿತ್ರ. ರೋಗಿಗಳಿಂದ ತೆಗೆದ ಕ್ಲೆಬ್ಸಿಯೆಲ್ಲಾವನ್ನು ಬ್ರಿಟನ್ನಿನ ಸಂಶೋಧಕರು ಕ್ಲೋರ್‌ಹೆಕ್ಸಿಡಿನ್‌ಗೆ ಮೆಲ್ಲಮೆಲ್ಲನೆ ಒಗ್ಗಿಸಿದಾಗ ಅದರ ಎಸ್‌ಎಂವಿ-ಎ ಪಂಪು ಹೆಚ್ಚಿತು. ಜೊತೆಗೇ ಕೆಲವು ತಳಿಗಳು ಕೊಲಿಸ್ಟಿನ್‌ಗೂ ಬಗ್ಗದಂತಾದವು. 2017ರಲ್ಲಿ ಇದು ವರದಿಯಾಯಿತು. ಸೋಂಕುನಾಶಕವನ್ನು ತೆಳು ಮಾಡಿ ಬಳಸುವುದು, ಬಕೆಟ್ಟಿನಲ್ಲಿ ಉಳಿದದ್ದಕ್ಕೇ ನೀರು ಬೆರೆಸಿ ಮರುದಿನ ನೆಲ ಒರೆಸುವುದು ಉಳಿತಾಯವಲ್ಲ, ರೋಗಾಣುವಿಗೆ ತರಬೇತಿ. ಇದನ್ನು ಓದಿ ಕ್ಲೋರ್‌ಹೆಕ್ಸಿಡಿನ್ ಬಿಟ್ಟುಬಿಡಬೇಕೆಂದು ಯಾರೂ ತಿಳಿಯಬಾರದು. ಹೇಳಿದ ಪ್ರಮಾಣದಲ್ಲಿ ಬಳಸಿದರೆ ಅದು ಇಂದಿಗೂ ಒಳ್ಳೆಯ ಕಾವಲು. ಕೈಗೆ ಹಚ್ಚುವ ಸ್ಪಿರಿಟ್ ಹ್ಯಾಂಡ್‌ರಬ್ ಅಂತೂ ಸೆಕೆಂಡುಗಳಲ್ಲಿ ಪೊರೆ, ಪ್ರೋಟೀನ್ ಎರಡನ್ನೂ ಕೆಡಿಸುತ್ತದೆ. ಪಂಪಿಗೆ ಅಲ್ಲಿ ಹೆಚ್ಚಿನ ಕೆಲಸವಿಲ್ಲ.

ಒಂದು ಬ್ಯಾಕ್ಟೀರಿಯಾದಲ್ಲಿ ಪಂಪು ಜೋರಾಗಿದೆ ಎಂದು ಕಣ್ಣಿಗೆ ಕಾಣುವಂತೆ ತೋರಿಸುವ ಸರಳ ಪರೀಕ್ಷೆಯೊಂದಿದೆ. ಎಥಿಡಿಯಂ ಬ್ರೋಮೈಡ್ ಎಂಬ ಬಣ್ಣ ಕೋಶದೊಳಗೆ ಹೋಗಿ ಡಿಎನ್‌ಎಗೆ ಅಂಟಿಕೊಂಡರೆ ಅತಿನೇರಳೆ ಬೆಳಕಿನಲ್ಲಿ ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತದೆ. ಪಂಪುಗಳಿಗೂ ಈ ಬಣ್ಣವನ್ನು ಹೊರಹಾಕುವುದೆಂದರೆ ಸಲೀಸು. ಬಣ್ಣದ ಪ್ರಮಾಣವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತಾ ಹೋದ ಆರೇಳು ಅಗಾರ್ ತಟ್ಟೆಗಳ ಮೇಲೆ, ನಡುವಿನಿಂದ ಅಂಚಿನ ಕಡೆಗೆ ಬಂಡಿಚಕ್ರದ ಅರೆಕಾಲುಗಳ ಹಾಗೆ ಬೇರೆ ಬೇರೆ ತಳಿಗಳನ್ನು ಗೀಚಿ ಬೆಳೆಸುತ್ತಾರೆ. ಮರುದಿನ ದೀಪದ ಕೆಳಗೆ ಹಿಡಿದರೆ ಪಂಪು ಕಡಿಮೆ ಇರುವ ತಳಿಯ ಗೆರೆ ಮೊದಲ ತಟ್ಟೆಗಳಲ್ಲೇ ಹೊಳೆಯುತ್ತದೆ. ಪಂಪು ಜೋರಿರುವ ತಳಿಯ ಗೆರೆ ನಾಲ್ಕನೆಯ, ಐದನೆಯ ತಟ್ಟೆ ಬಂದರೂ ಮಂಕಾಗಿಯೇ ಇರುತ್ತದೆ. ಬಣ್ಣ ಒಳಗೆ ನಿಂತಿಲ್ಲ. ಇಂಥ ಪರೀಕ್ಷೆ ಸಂಶೋಧನಾಲಯಗಳಲ್ಲಿ ನಡೆಯುವುದೇ ಹೊರತು ಆಸ್ಪತ್ರೆಯ ಲ್ಯಾಬಿನಲ್ಲಿ ದಿನನಿತ್ಯ ನಡೆಯುವುದಿಲ್ಲ. ರಿಪೋರ್ಟಿನಲ್ಲಿ ಪಂಪಿನ ಹೆಸರು ಕಾಣದಿರುವುದಕ್ಕೆ ಇದೇ ಕಾರಣ.

ಪಂಪಿನ ಬಾಯಿ ಮುಚ್ಚಿಸಿದರೆ ಹಳೆಯ ಔಷಧಗಳೇ ಮತ್ತೆ ನಾಟಬೇಕಲ್ಲ? ಚಳ್ಳಕೆರೆಯ ಕುದಾಪುರದಲ್ಲಿ ಎರಡನೇ ಕ್ಯಾಂಪಸ್ ಇರುವ ಭಾರತೀಯ ವಿಜ್ಞಾನ ಸಂಸ್ಥೆಯ ಬೆಂಗಳೂರಿನ ಪ್ರಯೋಗಾಲಯವೊಂದು ಇದರ ಬೆನ್ನು ಹತ್ತಿದೆ. ಅರವಿಂದ್ ಪೆನ್ಮತ್ಸ ಅವರ ತಂಡ ಸ್ಟ್ಯಾಫಿಲೊಕಾಕಸ್‌ನ ನಾರ್-ಸಿ ಎಂಬ ಪಂಪಿನ ರಚನೆಯನ್ನು 2021ರಲ್ಲಿ ಪ್ರಕಟಿಸಿತು. ಒಂಟೆಯ ರಕ್ತದಲ್ಲಿ ನಮ್ಮವಕ್ಕಿಂತ ಬಹಳ ಚಿಕ್ಕದಾದ, ಸರಳವಾದ ಪ್ರತಿಕಾಯಗಳಿರುತ್ತವೆ. ಅಂಥದ್ದೊಂದು ಪ್ರತಿಕಾಯದ ತುಣುಕು ನಾರ್-ಸಿಯ ಹೊರಬಾಯಿಯೊಳಗೆ ತೂರಿ ಅದನ್ನು ಅಲುಗಾಡದಂತೆ ಹಿಡಿದುಬಿಡುತ್ತದೆ ಎಂದು ಅವರು ತೋರಿಸಿದರು. ಸೋಂಕುನಾಶಕಗಳನ್ನು ಹೊರಹಾಕುವ ಕ್ಯೂಎಸಿ-ಎ ಪಂಪಿನ ರಚನೆಯೂ ಇದೇ ತಂಡದಿಂದ 2023ರಲ್ಲಿ ಬಂತು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಜಯಂತ ಹಾಲ್ದಾರ್ ಅವರ ತಂಡದ್ದು ಬೇರೆ ಉಪಾಯ. ಪಂಪಿಗೆ ನೇರವಾಗಿ ಕೈ ಹಾಕದೆ, ಬ್ಯಾಕ್ಟೀರಿಯಾದ ಪೊರೆಯನ್ನು ತುಸುವೇ ಸಡಿಲಿಸುವ ಅಣುಗಳನ್ನು ಅವರು ತಯಾರಿಸಿದ್ದಾರೆ. ಅದರಿಂದ ಒಳಬರುವ ಔಷಧವೂ ಹೆಚ್ಚುತ್ತದೆ, ಪಂಪಿನ ಕೆಲಸವೂ ಕುಂದುತ್ತದೆ. ಮೂಲೆ ಸೇರಿದ್ದ ಮಿನೊಸೈಕ್ಲಿನ್, ರಿಫಾಂಪಿಸಿನ್‌ನಂಥ ಔಷಧಗಳು ಈ ಅಣುಗಳ ಜೊತೆ ಸೇರಿದಾಗ ಪ್ರಯೋಗಾಲಯದಲ್ಲಿ ಮತ್ತೆ ಕೆಲಸ ಮಾಡಿವೆ.

ಗಿಡಮೂಲಿಕೆಗಳಿಗೂ ಈ ಕಥೆಯಲ್ಲಿ ಪಾತ್ರವಿದೆ. ಸರ್ಪಗಂಧದ ಬೇರಿನಿಂದ ತೆಗೆದ, ರಕ್ತದೊತ್ತಡಕ್ಕೆ ಬಳಸುತ್ತಿದ್ದ ರೆಸರ್ಪಿನ್ ಸ್ಟ್ಯಾಫಿಲೊಕಾಕಸ್‌ನ ನಾರ್-ಎ ಪಂಪನ್ನು ತಡೆಯುತ್ತದೆ ಎಂಬುದು 1990ರ ದಶಕದಲ್ಲೇ ಗೊತ್ತಾಗಿತ್ತು. ಬರ್ಬೆರಿಸ್ ಜಾತಿಯ ಗಿಡಗಳು ಬರ್ಬೆರಿನ್ ಎಂಬ ರೋಗಾಣುನಾಶಕವನ್ನು ತಯಾರಿಸುವುದರ ಜೊತೆಗೆ ಪಂಪನ್ನು ತಡೆಯುವ ಮತ್ತೊಂದು ಅಣುವನ್ನೂ ತಯಾರಿಸಿಕೊಳ್ಳುತ್ತವೆ ಎಂದು 2000ದಲ್ಲಿ ಅಮೆರಿಕದ ವಿಜ್ಞಾನಿಗಳು ಕಂಡುಕೊಂಡರು. ನಾವು ಈಗ ಹುಡುಕುತ್ತಿರುವ ಜೋಡಿ ಮದ್ದನ್ನು ಗಿಡ ಯಾವತ್ತೋ ಮಾಡಿಟ್ಟಿದೆ. ಕರಿಮೆಣಸಿನ ಖಾರಕ್ಕೆ ಕಾರಣವಾದ ಪೈಪರಿನ್ ಜೊತೆಗಿದ್ದರೆ ಸ್ಟ್ಯಾಫಿಲೊಕಾಕಸ್ ವಿರುದ್ಧ ಸಿಪ್ರೊಫ್ಲಾಕ್ಸಾಸಿನ್ ಹೆಚ್ಚು ಪರಿಣಾಮಕಾರಿ ಎಂದು 2006ರಲ್ಲಿ ಜಮ್ಮುವಿನ ಪ್ರಯೋಗಾಲಯ ವರದಿ ಮಾಡಿತು. ಹಾಗೆಂದು ಮಾತ್ರೆಯ ಜೊತೆ ಮೆಣಸಿನ ಕಷಾಯ ಕುಡಿದರೆ ಪಂಪು ನಿಲ್ಲುವುದಿಲ್ಲ. ಪಂಪು ನಿಲ್ಲುವಷ್ಟು ರೆಸರ್ಪಿನ್ ರಕ್ತಕ್ಕೆ ಸೇರಿದರೆ ಮೊದಲು ಕುಸಿಯುವವನು ರೋಗಿ. ಪ್ರಯೋಗಾಲಯದಲ್ಲಿ ಬಹಳ ಹೆಸರು ಮಾಡಿದ ಕೃತಕ ತಡೆ ಅಣುಗಳೂ ಮೂತ್ರಪಿಂಡಕ್ಕೆ ವಿಷವೆಂದು ಹಿಂದೆ ಸರಿದವು. ಮನುಷ್ಯರ ಚಿಕಿತ್ಸೆಗೆ ಒಪ್ಪಿಗೆ ಪಡೆದ ಪಂಪು-ತಡೆ ಔಷಧ ಬ್ಯಾಕ್ಟೀರಿಯಾದ ಸೋಂಕಿಗೆ ಇಂದಿಗೂ ಒಂದೂ ಇಲ್ಲ.

ಪಂಪು ನಿಲ್ಲಿಸುವ ಮಾತ್ರೆ ಬರುವ ತನಕ ಉಳಿದಿರುವ ದಾರಿ, ಪಂಪು ಹೆಚ್ಚಿರುವ ರೋಗಾಣುವಿಗೆ ಮೇಲುಗೈ ಆಗದ ಹಾಗೆ ನೋಡಿಕೊಳ್ಳುವುದು. ಅದು ಶುರುವಾಗಬೇಕಾದದ್ದು ಐಸಿಯುನಲ್ಲಲ್ಲ, ನಮ್ಮೂರ ಮೆಡಿಕಲ್ ಶಾಪಿನ ಕಟ್ಟೆಯ ಮೇಲೆ. “ಅಣ್ಣಾ, ನೆಗಡಿ ಜ್ವರ, ಮೂರು ದಿನದ್ದು ಒಂದು ಆ್ಯಂಟಿಬಯಾಟಿಕ್ ಕೊಡು” ಎಂದು ಕೇಳುವುದು, ಕೇಳಿದವರಿಗೆ ಸ್ಟ್ರಿಪ್ ಕತ್ತರಿಸಿ ಕೊಡುವುದು ದಿನದ ವ್ಯಾಪಾರವಾಗಿದೆ. ನೆಗಡಿ ವೈರಸ್ಸಿನದು, ಅದಕ್ಕೆ ಆ್ಯಂಟಿಬಯಾಟಿಕ್ ತಾಗುವುದೇ ಇಲ್ಲ. ತಾಗುವುದು ಕರುಳಿನಲ್ಲಿ ತಣ್ಣಗಿರುವ ಬ್ಯಾಕ್ಟೀರಿಯಾಕ್ಕೆ. ಕಾನೂನು ಇಲ್ಲವೆಂದಲ್ಲ. 2014ರಿಂದ ಜಾರಿಯಲ್ಲಿರುವ ಎಚ್-1 ಅನುಸೂಚಿಯ ಪ್ರಕಾರ ಮುಖ್ಯ ಆ್ಯಂಟಿಬಯಾಟಿಕ್‌ಗಳನ್ನು ಚೀಟಿ ಇಲ್ಲದೆ ಮಾರುವಂತಿಲ್ಲ. ಬರೆದ ವೈದ್ಯರ ಹೆಸರು, ರೋಗಿಯ ಹೆಸರು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ವೈದ್ಯರು ಹೇಳದೆ ನುಂಗಬಾರದ ಮಾತ್ರೆಯ ಸ್ಟ್ರಿಪ್ ಮೇಲೆ ಕೆಂಪು ಗೆರೆ ಇರುತ್ತದೆ, ಅದನ್ನು ನೋಡಿಕೊಳ್ಳಿ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಪ್ರಚಾರಕ್ಕೆ ಇಳಿಯಿತು. ರಿಜಿಸ್ಟರ್ ಧೂಳು ಹಿಡಿದಿದೆ, ಕೆಂಪು ಗೆರೆ ಯಾರ ಕಣ್ಣಿಗೂ ಬಿದ್ದಿಲ್ಲ.

ಹೀಗಾಗಿ ಓದುಗರಲ್ಲಿ ಕೆಲವೇ ಮಾತಿನ ಮನವಿ. ಕೆಂಪು ಗೆರೆಯ ಮಾತ್ರೆಯನ್ನು ವೈದ್ಯರ ಚೀಟಿ ಇಲ್ಲದೆ ಕೇಳಬೇಡಿ. ಕಳೆದ ಸಲ ಉಳಿದದ್ದನ್ನು ಮನೆಯಲ್ಲಿ ಇನ್ನೊಬ್ಬರಿಗೆ ಕೊಡಬೇಡಿ. ಬರೆದಷ್ಟು ದಿನ, ಬರೆದ ಹೊತ್ತಿಗೆ ಪೂರ್ತಿ ಡೋಸ್ ತೆಗೆದುಕೊಳ್ಳಿ. ಬೇಗ ನಿಲ್ಲಿಸಬೇಕೆನಿಸಿದರೆ ವೈದ್ಯರನ್ನೇ ಕೇಳಿ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ‘ರೆಫರ್’ ಆದಾಗ ಹಿಂದೆ ಯಾವ ಆ್ಯಂಟಿಬಯಾಟಿಕ್ ಎಷ್ಟು ದಿನ ಕೊಟ್ಟಿದ್ದರು ಎಂಬ ಚೀಟಿಯನ್ನು ತಪ್ಪದೆ ಒಯ್ಯಿರಿ. ಹೊಸದನ್ನು ಶುರು ಮಾಡುವ ಮುನ್ನ ಕಲ್ಚರ್‌ಗೆ ಕಳಿಸಿದ್ದಾರೆಯೇ ಎಂದು ಸಂಕೋಚವಿಲ್ಲದೆ ವಿಚಾರಿಸಿ. ವಾರ್ಡಿಗೆ ಹೋಗುವಾಗ, ಬರುವಾಗ ಕೈಗೆ ಹ್ಯಾಂಡ್‌ರಬ್ ಹಚ್ಚಿಕೊಳ್ಳಿ. ಡಾಕ್ಟರ್, ನರ್ಸ್ ಹಚ್ಚಿಕೊಳ್ಳದಿದ್ದರೆ ಅವರಿಗೂ ನೆನಪಿಸಿ. ಇದರಲ್ಲಿ ಯಾವುದಕ್ಕೂ ಹೊಸ ಔಷಧ ಬೇಕಿಲ್ಲ, ಹೆಚ್ಚಿನ ಖರ್ಚೂ ಇಲ್ಲ. ಇರುವ ಔಷಧ ನಮ್ಮ ಮಕ್ಕಳ ಕಾಲಕ್ಕೂ ನಾಟಬೇಕೆಂದಿದ್ದರೆ ಇಷ್ಟನ್ನು ನಾವು ಮಾಡಲೇಬೇಕು.